ಸ್ವಲ್ಪನೂ ಸಕ್ಕರೆ ಇಲ್ವಾ?

ದರ್ಜಿಯ ಬಾಯಿಂದ "ಆಗಲ್ಲ" ಎಂಬ ಮಾತು ಕೇಳಿದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಹೊಲಿಯದ ಬಟ್ಟೆ ಸೊಂಟದೆತ್ತರ ಬಿದ್ದಿದ್ದರೂ ಹೊಸ ಗಿರಾಕಿಗೆ "ನಾಳೆನೇ ಕೊಡ್ತೀನಿ" ಎಂದುಬಿಡುತ್ತಿದ್ದ. ಮರುದಿನ ಅದೇ ಗಿರಾಕಿ ಬಂದಾಗ ಇಸ್ತ್ರಿ ಮೇಜಿನ ಕೆಳಗೆ ಸೂಜಿ ಹುಡುಕುತ್ತಿದ್ದ. ಎಲ್ಲರಿಗೂ ನಾಲಗೆಗೆ ಮಾತ್ರ ಎಲುಬಿಲ್ಲ, ನನಗೆ ಬೆನ್ನಿಗೂ ಇಲ್ಲ ಎಂದು ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದ.

ಅಂಥವನು ಅಕ್ಕನಿಗೆ ಒಂದು ಕಿಡ್ನಿ ಕೊಡಲು ಒಪ್ಪಿದ್ದ. ತೂಕ ಇಳಿಸಿ, ಸಕ್ಕರೆ ಬಿಡಿ ಎಂದಿದ್ದರು ಡಾಕ್ಟರು. ಊರವರ ಪ್ಯಾಂಟಿನ ಸೊಂಟ ಬಿಚ್ಚಿ ಅಗಲ ಮಾಡುತ್ತಿದ್ದವನು ಮೊದಲ ಸಲ ತನ್ನದನ್ನು ಹಿಡಿದು ಹೊಲಿದುಕೊಂಡಿದ್ದ. ನಾಳೆ ಅಕ್ಕನ ಊರಿನ ಆಸ್ಪತ್ರೆಯಲ್ಲಿ ಕೊನೆಯ ಪರೀಕ್ಷೆ. ಆದರೆ ಬೆಳಿಗ್ಗೆ ಅಕ್ಕ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು:

"ಬರಬೇಡ ಬಿಡೋ. ನಿಂಗೆ ಯಾರಿಗೂ ಇಲ್ಲ ಅನ್ನೋಕೆ ಬರಲ್ಲ. ನಂಗೂ ದಾಕ್ಷಿಣ್ಯಕ್ಕೇ ಹೂಂ ಅಂದಿದ್ದೀಯ. ಹಾಗೆ ಕೊಟ್ಟದ್ದು ನಂಗೆ ಬೇಡ."

ಎಷ್ಟು ಆಣೆ ಇಟ್ಟರೂ ನಂಬಲಿಲ್ಲ. ಅವನ ಆಣೆಯ ಯೋಗ್ಯತೆ ಬೀದಿಗೇ ಗೊತ್ತಿತ್ತು, ಅಕ್ಕನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಆದರೂ ಹೊರಟು ಬಂದಿದ್ದ.

ವಿಮಾನ ನಿಲ್ದಾಣದಲ್ಲಿ ಹೊಟ್ಟೆ ತಾಳ ಹಾಕತೊಡಗಿತು. ಒಂದು ಅಂಗಡಿಯಲ್ಲಿ ಎಲ್ಲವೂ ಎಣ್ಣೆಯಲ್ಲಿ ಮಿಂದೆದ್ದಿದ್ದವು. ಪಕ್ಕದ್ದರಲ್ಲಿ ಕಾಫಿಗೂ ಕೆನೆಯ ಟೋಪಿ. ಹಸಿರು ಅಕ್ಷರದಲ್ಲಿ "ಆರೋಗ್ಯಕರ" ಎಂದಿದ್ದ ಡಬ್ಬಿಯನ್ನು ತಿರುಗಿಸಿ ನೋಡಿದ: ಮೇಲೆ ನಾಲ್ಕು ಎಲೆ, ತಳದಲ್ಲಿ ಕೆಸರಿನಂಥ ಸಾಸು. ತಾನು ಗಿರಾಕಿಗಳಿಗೆ ಹೇಳುವ "ಒಗೆದರೆ ಕುಗ್ಗಲ್ಲ" ಎಂಬ ಮಾತಿನಷ್ಟೇ ಸತ್ಯ ಇದು ಎಂದು ಇಟ್ಟುಬಿಟ್ಟ.

ಕೊನೆಗೆ ಹಣ್ಣಿನ ರಸದ ಕಟ್ಟೆ ಸಿಕ್ಕಿತು. ಅಲ್ಲಿದ್ದ ಹೆಂಗಸು ನಿಂಬೆರಸ ಹಿಂಡಿಕೊಟ್ಟಳು.

"ಸಕ್ಕರೆ ಇಲ್ವಾ?" ಎಂದ ದರ್ಜಿ.

"ಇಲ್ಲ."

"ಸ್ವಲ್ಪನೂ ಇಲ್ವಾ?" ಖಾತ್ರಿ ಮಾಡಿಕೊಳ್ಳಲೆಂದು ಮತ್ತೆ ಕೇಳಿದ.

ಅವಳ ಮುಖ ಪೆಚ್ಚಾಯಿತು. "ಖಾಲಿ ಆಗಿದೆ. ಒಂದ್ನಿಮಿಷ ಇರಿ" ಎಂದು ಎದುರಿನ ಅಂಗಡಿಗೆ ಓಡಿ, ಮುಷ್ಟಿ ತುಂಬ ಸಕ್ಕರೆ ಪೊಟ್ಟಣ ತಂದು, ಎಲ್ಲವನ್ನೂ ಹರಿದು ಸುರಿದು ಗರಗರ ಕಲಕಿದಳು. "ಪಾಪ, ಅಷ್ಟು ಆಸೆಯಿಂದ ಕೇಳಿದ್ರಿ. ಕಾಡಿ ಬೇಡಿ ತಂದೆ" ಎಂದು ನಕ್ಕಳು.

ದರ್ಜಿಯ ಕೈ ತಾನಾಗಿ ಲೋಟ ಎತ್ತಿತು. ಒಂದು ಲೋಟದಿಂದ ಏನಾಗಿಬಿಡುತ್ತದೆ? ಬಾಯಿಯವರೆಗೆ ತಂದವನು ತಡೆದ. ನಿಂಬೆರಸಕ್ಕೆ ಬೇಡ ಎನ್ನಲಾಗದವನ "ಹೂಂ" ಎಂಬ ಮಾತನ್ನು ಅಕ್ಕ ಯಾಕಾದರೂ ನಂಬಬೇಕು?

"ಬೇಡ" ಎಂದ. ಅದು ಲೋಟಕ್ಕಷ್ಟೇ ಕೇಳಿಸಿತು.

"ಏನಂದ್ರಿ?"

"ಇದು ನನಗೆ ಬೇಡ. ಸಕ್ಕರೆ ತಿನ್ನಬಾರದು ನಾನು." ಇಲ್ಲಿ ಅಡಗಲು ಇಸ್ತ್ರಿ ಮೇಜೂ ಇರಲಿಲ್ಲ.

"ಮೊದಲೇ ಹೇಳೋದಲ್ವಾ!" ಎಂದು ಅವಳು ಲೋಟ ಎತ್ತಿ ತಾನೇ ಗಟಗಟ ಕುಡಿದಳು. ಆಮೇಲೆ ಸಪ್ಪೆಯದೊಂದು ಹಿಂಡಿಕೊಟ್ಟಳು.

ಅದನ್ನು ಮುಟ್ಟುವ ಮೊದಲೇ ಅವನು ಅಕ್ಕನಿಗೆ ಫೋನು ಹಚ್ಚಿದ.

"ಅಕ್ಕಾ, ಈಗಷ್ಟೇ ಒಬ್ಬರಿಗೆ ಮುಖ ನೋಡ್ಕೊಂಡೇ ಬೇಡ ಅಂದೆ."

"ಸುಳ್ಳು."

"ಕಾಲು ಇನ್ನೂ ನಡುಗ್ತಾ ಇದೆ."

ನಡೆದದ್ದನ್ನೆಲ್ಲ ಹೇಳಿದ. ಅಕ್ಕ ಕೆಮ್ಮು ಬರುವಷ್ಟು ನಕ್ಕಳು. ಅವಳ ನಗು ಕೇಳಿ ಎಷ್ಟು ಕಾಲವಾಗಿತ್ತೋ, ಅವನ ಕಣ್ಣು ತುಂಬಿತು.

"ಬೇಡ ಅನ್ನೋಕೆ ನಂಗೂ ಬರುತ್ತೆ ಅಕ್ಕಾ. ನಿಂಗೆ ಬೇಡ ಅನ್ನಬೇಕು ಅಂತ ನಂಗೆ ಅನ್ನಿಸಲೇ ಇಲ್ಲ."

ಆ ಕಡೆಯಿಂದ ಮೂಗು ಏರಿಸಿಕೊಂಡ ಸದ್ದು ಕೇಳಿಸಿತು.

"ಹಾಗಾದ್ರೆ ಬಾ" ಎಂದಳು.