ಕಾಗದದಷ್ಟು ಸಂದು

ಪ್ರಮೋದಾ ತಂತಿ ಸುತ್ತಲು ಕಲಿತದ್ದು ಅಪ್ಪನ ಅಂಗಡಿಯಲ್ಲಿ. ದೊಡ್ಡಬಳ್ಳಾಪುರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಟ್ರಾನ್ಸ್‌ಫಾರ್ಮರ್ ಕಟ್ಟುತ್ತಿದ್ದಳು, ಒಂದೂ ವಾಪಸು ಬಂದಿರಲಿಲ್ಲ. ಗಂಡಸರೇ ತುಂಬಿದ ಆ ಬೀದಿಯಲ್ಲಿ ಬೋರ್ಡಿಗಿಂತ ಈ ಮಾತೇ ಅವಳಿಗೆ ಗಿರಾಕಿಗಳನ್ನು ಕರೆತರುತ್ತಿತ್ತು.

ತ್ಯಾಮಗೊಂಡ್ಲಿನ ನಿವೃತ್ತ ಮೇಷ್ಟ್ರು ಆದಿನಾರಾಯಣಪ್ಪ ತಮ್ಮ ವಾಲ್ವ್ ಆಂಪ್ಲಿಫೈಯರಿನ ಸುಟ್ಟ ಚೋಕನ್ನು, ಕರೆಂಟಿನ ಏರಿಳಿತ ತಡೆದು ಸದ್ದು ಅಡಗಿಸುವ ತಂತಿಸುರುಳಿಯನ್ನು, ಅವಳಿಗೆ ಕೊಟ್ಟರು. ಅವಳಿಗೆ ಚೋಕ್ ಅದೇ ಮೊದಲು. ಹಳೆಯ ಸುತ್ತು ಎಣಿಸಿ, ಅಷ್ಟೇ ಹೊಸ ತಂತಿ ಸುತ್ತಿ ಕೊಟ್ಟಳು. ವಾರದೊಳಗೆ ಮೇಷ್ಟ್ರು ಆಂಪ್ಲಿಫೈಯರನ್ನೇ ಹೊತ್ತು ತಂದರು.

"ಗುಂಯ್ ಅಂತಾನೇ ಇರ್ತದಮ್ಮ. ನಾನು ಹಾಡು ಕೇಳ್ಲೋ, ಜೇನುಗೂಡು ಕೇಳ್ಲೋ?"

ಪಕ್ಕದ ರೇಡಿಯೊ ರಿಪೇರಿ ಮಂಜೇಶ್ ಇಣುಕಿ ನೋಡಿದ. "ಚೋಕ್ ಸುತ್ತಿರೋದು ಅಕ್ಕ. ಅದ್ರಲ್ಲಿ ತಪ್ಪಿರಲ್ಲ ಬಿಡಿ ಸಾರ್. ಮೊದಲ್ನೇ ಕೆಪಾಸಿಟರ್ ವೀಕು. ಮೂವತ್ತೆರಡು ಮೈಕ್ರೊಫ್ಯಾರಡ್‌ದು ಕಿತ್ತು ಇನ್ನೂರಿಪ್ಪತ್ತರದು ಜಡಿದ್ರೆ ಗಪ್‌ಚುಪ್."

"ನೋಡ್ಕೊಂಡು ಮಾಡಪ್ಪ," ಎಂದು ಮೇಷ್ಟ್ರು ಎಸಿಯನ್ನು ಡಿಸಿ ಮಾಡುವ ಗಾಜಿನ ವಾಲ್ವ್ ತೋರಿಸಿದರು. "ಇದು ಹೋದ್ರೆ ನನ್ಹತ್ರ ಇನ್ನೊಂದಿಲ್ಲ."

ಮಂಜೇಶ್ ಬಿಚ್ಚಿಟ್ಟ ಕೆಪಾಸಿಟರನ್ನು ಪ್ರಮೋದಾ ಅಳೆದಳು. ಮೂವತ್ತೊಂದು ತೋರಿಸಿತು. ಅದು ಚೆನ್ನಾಗಿಯೇ ಇತ್ತು. ಉಳಿದದ್ದು ಅವಳ ಚೋಕ್.

ಟ್ರಾನ್ಸ್‌ಫಾರ್ಮರಿನ ಸುರುಳಿಯೊಳಗೆ ಕೂರುವ ಕಬ್ಬಿಣದ ತಗಡುಗಳನ್ನು ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ ಹೆಣೆಯುತ್ತಾರೆ. ಅವಳು ಮೊದಲ ಸಲ ಬಿಚ್ಚಿದಾಗ ಈ ಚೋಕಿನಲ್ಲಿ ಎಲ್ಲವೂ ಒಂದೇ ಕಡೆಯಿಂದ ಕೂತಿದ್ದವು, ಸಂದಿನಲ್ಲಿ ಕಂದು ಕಾಗದದ ಚೂರಿತ್ತು. ಯಾರೋ ಸೋಮಾರಿಯ ಕೆಲಸ ಎಂದುಕೊಂಡು ಅವಳು ಕಾಗದ ಗುಡಿಸಿ ಹಾಕಿ, ನೀಟಾಗಿ ಹೆಣೆದಿದ್ದಳು. ಚೋಕಿನಲ್ಲಿ ಕರೆಂಟು ಹರಿಯುವುದು ಒಂದೇ ದಿಕ್ಕಿಗೆ ಎಂಬುದು ಈಗ ಹೊಳೆಯಿತು. ಆ ಸಂದಿಲ್ಲದಿದ್ದರೆ ಕಬ್ಬಿಣ ಕಾಂತಶಕ್ತಿಯಿಂದ ಹೊಟ್ಟೆ ತುಂಬಿ ಸುಮ್ಮನೆ ಕೂತುಬಿಡುತ್ತದೆ, ಗುಂಯ್ ಸದ್ದನ್ನು ತಡೆಯುವುದಿಲ್ಲ.

ಮಂಜೇಶ್ ಸಾಲ್ಡರಿಂಗ್ ಕಡ್ಡಿ ಕಾಯಿಸುತ್ತಿದ್ದ. ಅವನ ಉಪಾಯದಿಂದ ಸದ್ದೇನೋ ಅಡಗಬಹುದು, ಆದರೆ ಅಷ್ಟು ದೊಡ್ಡ ಕೆಪಾಸಿಟರ್ ಸ್ವಿಚ್ ಹಾಕಿದಾಗಲೆಲ್ಲ ಕರೆಂಟನ್ನು ಗಟಗಟ ಎಳೆಯುತ್ತದೆ, ಆ ವಾಲ್ವ್ ತಡೆಯುವುದಿಲ್ಲ. ಒಂದು ದಿನ ಅದು ಸತ್ತರೆ 'ಹಳೆಯದು, ಹೋಯಿತು' ಎನ್ನುತ್ತಾರೆ. ಚೋಕಿನ ಹೆಸರು ಯಾರೂ ಎತ್ತುವುದಿಲ್ಲ.

"ಕಡ್ಡಿ ಕೆಳಗಿಡೋ ಮಂಜೇಶ. ತಪ್ಪು ನಂದು."

ತಗಡುಗಳನ್ನೆಲ್ಲ ಎಬ್ಬಿಸಿ, ಒಂದೇ ಕಡೆಯಿಂದ ಕೂರಿಸಿ, ಸಂದಿಗೆ ಹೊಸ ಕಾಗದ ಇಟ್ಟಳು.

"ಬೀದಿಗೆಲ್ಲ ಏನಂತ ಹೇಳ್ಲಕ್ಕ ಈಗ?"

"ಒಂದು ವಾಪಸ್ ಬಂತು ಅನ್ನು."

ಮಧ್ಯಾಹ್ನ ಹಳೆಯ ಕೆಪಾಸಿಟರನ್ನೇ ಮತ್ತೆ ಬೆಸೆದು ಸ್ವಿಚ್ ಹಾಕಿದರು. ಸ್ಪೀಕರಿಗೆ ಕಿವಿಯೊತ್ತಿದರಷ್ಟೇ ಕೇಳುವಷ್ಟು ಸದ್ದು ಉಳಿದಿತ್ತು. ಮೇಷ್ಟ್ರು, "ಸಾಕು ಬಿಡಮ್ಮ," ಎಂದರು. ಅವಳು ಸ್ವಿಚ್ ಆರಿಸಿ, ಕೆಪಾಸಿಟರಿನ ಕರೆಂಟು ಇಳಿಯುವವರೆಗೆ ಕಾದು, ಸಂದು ಕಿರಿದಾಗಿಸಿ ಉಳಿದ ಸದ್ದನ್ನೂ ಇಳಿಸಲು ಇನ್ನೂ ತೆಳುವಾದ ಕಾಗದ ಹುಡುಕತೊಡಗಿದಳು.