ಮಾದಮ್ಮತ್ತೆ ಹಾಕಿದ ಗಂಟು

ಮಾದಮ್ಮತ್ತೆ ಮೂಟೆಗೆ ಗಂಟು ಹಾಕಿದರೆ ಅದನ್ನು ಬಿಚ್ಚುವ ಗಂಡಸು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಹುಟ್ಟಿರಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡ ಒದ್ದೆ ಬಾಳೆನಾರನ್ನು ಎಳೆದು, ಮೂಟೆಯ ಬಾಯಿಗೆ ಎರಡು ಸುತ್ತು ಸುತ್ತಿ, ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಜಗ್ಗಿದಳೆಂದರೆ ಮುಗಿಯಿತು. ಚೆಂಡುಹೂವಿನ ಮೂಟೆಗಳನ್ನು ಗಾಡಿಗೆ ತುಂಬುತ್ತಿದ್ದ ಬಾಷಾ ಭಾಯಿ ಗಂಟು ನೋಡಿಯೇ, “ಅರೆ, ಇದು ಮಾದಮ್ಮಂದು. ಬಿಚ್ಚಕ್ಕೆ ಹೋಗ್ಬೇಡಿ, ಚಾಕು ತನ್ನಿ” ಎನ್ನುತ್ತಿದ್ದ. ಆ ಮಾತು ಕಿವಿಗೆ ಬಿದ್ದ ದಿನವೆಲ್ಲ ಮಾದಮ್ಮತ್ತೆಯ ನಡಿಗೆಯೇ ಬೇರೆ.

ಅತ್ತೆ ಎಂದರೆ ರಕ್ತಸಂಬಂಧವೇನಲ್ಲ. ನನ್ನ ಸೋದರಮಾವನ ಹೊಲಕ್ಕೆ ಹೂ ಕೀಳಲು ಬರುತ್ತಿದ್ದಳು. ರಜೆಗೆ ಹೋದಾಗ ನಾನೂ ಸಾಲಿಗೆ ಇಳಿದು, ಅರ್ಧಕ್ಕೇ ಸೊಂಟ ಹಿಡಿದುಕೊಂಡು ಬದುವಿನ ಮೇಲೆ ಕೂತರೆ, “ಮೂಟೆ ಬಾಯಿ ಕಟ್ಟೋ ತಂಕ ಕೆಲ್ಸ ಆಯ್ತು ಅನ್ಬ್ಯಾಡ ಕಣಮ್ಮಿ. ಎದ್ದೇಳು!” ಎಂದು ಎಬ್ಬಿಸುತ್ತಿದ್ದಳು.

ಮುಂದೆ ನಾನು ಮೈಸೂರಿನಲ್ಲಿ ಚಿತ್ರಕಲೆ ಓದಿ, ಕುಂಚ ಬಿಟ್ಟು ಕ್ಯಾಮೆರಾ ಹಿಡಿದು ಅದೇ ಹೊಲಕ್ಕೆ ಬಂದೆ. ಮೂರು ದಿನ ಅವಳ ಹಿಂದೆಯೇ ಅಲೆದೆ. ಮೊದಲ ದಿನ ಮದುವೆಮನೆ ಸೀರೆ ಉಟ್ಟು ಬಂದಿದ್ದಳು. ಕಾಡಿ ಬೇಡಿ ದಿನದ ಸೀರೆ ಉಡಿಸಿದ್ದಕ್ಕೆ ಮುನಿಸು. “ಆ ಮೂರ್ಕಾಲ್ನ ಅತ್ಲಾಗ್ ಇಟ್ಬುಟ್ಟು ಒಂದ್ ಸಾಲಾದ್ರೂ ಕಿತ್ಕೊಡಮ್ಮಿ. ಓದ್ಸಿದ್ದು ಇದ್ಕಾ ನಿಮ್ಮಪ್ಪ?” ಎಂದು ಕ್ಯಾಮೆರಾ ಸ್ಟ್ಯಾಂಡಿಗೂ ನನಗೂ ಒಟ್ಟಿಗೇ ಮಂಗಳಾರತಿ ಮಾಡಿದಳು.

ಚಾಮರಾಜನಗರದಲ್ಲಿ ಹಳೆಯ ರೇಷ್ಮೆ ಗೋದಾಮೊಂದಕ್ಕೆ ಸುಣ್ಣ ಬಳಿದು ಗ್ಯಾಲರಿ ಮಾಡಿದ್ದರು. ನನ್ನ ಮೊದಲ ಪ್ರದರ್ಶನ ಅಲ್ಲೇ. ಕತ್ತಲೆ ಕೋಣೆ, ಬಾಗಿಲಿಗೆ ಕಪ್ಪು ಪರದೆ, ಮೂರು ಗೋಡೆಗಳ ಮೇಲೂ ಹೂ ಕೀಳುವ ಮಾದಮ್ಮತ್ತೆ. ಮೂಟೆ ತುಂಬುತ್ತಿದ್ದಂತೆ ವಿಡಿಯೋ ಮತ್ತೆ ಮೊದಲ ಗಿಡಕ್ಕೆ ಹಾರುತ್ತಿತ್ತು. ‘ಮುಗಿಯದ ಶ್ರಮ’ ಎಂದು ಬೋರ್ಡು ಬೇರೆ ಬರೆಸಿದ್ದೆ. ಬೆಂಗಳೂರಿಂದ ಬಂದ ನಾಲ್ಕು ಜನ ಅದರ ಮುಂದೆ ಗಲ್ಲಕ್ಕೆ ಕೈ ಹಚ್ಚಿ ನಿಂತಿದ್ದರು. ನನಗಂತೂ ಕಾಲು ನೆಲದ ಮೇಲಿರಲಿಲ್ಲ.

ಅಷ್ಟರಲ್ಲಿ ಮಾವನ ಜೊತೆ ಬಸ್ಸಿಳಿದು ಮಾದಮ್ಮತ್ತೆ ಬಂದಳು, ಅದೇ ಮದುವೆಮನೆ ಸೀರೆಯಲ್ಲಿ. ಚಪ್ಪಲಿ ಹೊರಗೆ ಬಿಟ್ಟು, ನಟ್ಟನಡುವೆ ಚಕ್ಕಂಬಕ್ಕಳ ಹಾಕಿ ಕೂತಳು. ಒಂದು ಸುತ್ತು ನೋಡಿದಳು. ಎರಡನೆಯದನ್ನೂ ನೋಡಿದಳು. ಮೂರನೆಯದು ಶುರುವಾಗುತ್ತಿದ್ದಂತೆ ಕೂಗಿದಳು.

“ಗಂಟೆಲ್ಲಮ್ಮಿ?”

“ಅದನ್ನ ಕತ್ತರಿಸಿ ತೆಗ್ದಿದೀನಿ ಅತ್ತೆ. ಕೆಲಸ ಮುಗಿಯೋದೇ ಇಲ್ಲ ಅಂತ ಅದರರ್ಥ.”

“ಯಾರ್ದು ಮುಗ್ಯಾಕಿಲ್ಲ? ನಂದಾ? ಒಂದಿನಾನಾದ್ರೂ ಮೂಟೆ ಬಾಯಿ ಬುಟ್ಟು ಮನೆಗೋಗಿವ್ನಾ ನಾನು?” ಎದ್ದು ನಿಂತು ಬೆಂಗಳೂರಿನವರ ಕಡೆ ತಿರುಗಿದಳು. “ಇದಾದ್ಮೇಲೆ ಕಟ್ದೆ ಕಣ್ರಪ್ಪ. ಇವ್ಳು ತೋರ್ಸಿಲ್ಲ ಅಷ್ಟೇಯ. ಇಂಗೆ ಕಟ್ದೆ, ನೋಡಿ” ಎನ್ನುತ್ತಾ ಬಾಗಿಲ ಪರದೆಯನ್ನು ಬಾಚಿ, ಅದರ ಹಗ್ಗವನ್ನೇ ಸುತ್ತಿ, ಹಲ್ಲಲ್ಲಿ ಕಚ್ಚಿ ಜಗ್ಗಿಯೇಬಿಟ್ಟಳು!

ಬಿಸಿಲು ಒಳಗೆ ನುಗ್ಗಿತು. ಗೋಡೆ ಮೇಲಿನ ಮೂವರು ಮಾದಮ್ಮಂದಿರೂ ಮಾಯ. ನಾನು ಉಗುರು ಮುರಿದುಕೊಂಡೆ, ಗ್ಯಾಲರಿಯವರು ಪರದೆಯನ್ನೇ ಕಳಚಲು ಸ್ಟೂಲು ಹತ್ತಿದರು, ಗಂಟು ಜಪ್ಪಯ್ಯ ಎನ್ನಲಿಲ್ಲ. “ನೀನೇ ಬಿಚ್ಚು ಅತ್ತೆ” ಎಂದರೆ, “ಬಿಚ್ಚಾಕೆ ನಂಗೂ ಬರಾಕಿಲ್ಲ ಕಣಮ್ಮಿ. ಕಟ್ಟಾಕಷ್ಟೇ ಗೊತ್ತು” ಎಂದಳು. ಬೆಂಗಳೂರಿನವರು ಚಪ್ಪಾಳೆ ತಟ್ಟಿದರು. ಇದೂ ಪ್ರದರ್ಶನದ ಭಾಗ ಅಂದುಕೊಂಡಿರಬೇಕು. ನನಗೆ ಮೈಯೆಲ್ಲಾ ಉರಿದುಹೋಯಿತು.

“ನಿಂಗೆ ಇದೆಲ್ಲಾ ಅರ್ಥ ಆಗಲ್ಲ, ಸುಮ್ನಿರು” ಎಂದುಬಿಟ್ಟೆ. ಎಲ್ಲರೆದುರು.

ಅವಳು ಸೆರಗು ಸರಿಮಾಡಿಕೊಂಡು ಗೋಡೆಯತ್ತ ಕೈ ತೋರಿಸಿದಳು. “ಆಗಾಕಿಲ್ಲ ಬುಡು. ಆದ್ರೆ ಆ ಎಂಗ್ಸು ಬೆಳಗ್ನಿಂದ ಬಿಸ್ಲಲ್ಲವ್ಳೆ. ಮನೆಗಾದ್ರೂ ಕಳ್ಸಮ್ಮಿ.”

ಚಪ್ಪಲಿ ಮೆಟ್ಟಿ ಹೊರಟೇ ಹೋದಳು. ಗಂಟನ್ನು ಕೊನೆಗೆ ಕತ್ತರಿಯಿಂದ ತೆಗೆದರು. ಸಂಜೆಯವರೆಗೆ ವಿಡಿಯೋ ಓಡಿತು, ನನಗೆ ನೋಡಲಾಗಲಿಲ್ಲ. ಎಷ್ಟು ಹುಡುಕಿದರೂ ಅವಳು ಗಂಟು ಹಾಕುವ ಒಂದು ತುಣುಕೂ ನನ್ನ ಬಳಿ ಇರಲಿಲ್ಲ. ಕತ್ತರಿಸಿ ತೆಗೆದಿದ್ದೀನಿ ಎಂದು ಅವಳಿಗೆ ಹೇಳಿದ್ದೂ ಸುಳ್ಳೇ. ಮೂಟೆ ತುಂಬುತ್ತಲೇ, ಆಯ್ತಲ್ಲ ಎಂದು ಮೂರು ದಿನವೂ ಕ್ಯಾಮೆರಾ ಆರಿಸಿದ್ದೆ.

ಮುಂದಿನ ಹೂವಿನ ಕಾಲಕ್ಕೆ ತಲೆ ತಗ್ಗಿಸಿಕೊಂಡು ಹೊಲಕ್ಕೆ ಹೋದೆ. “ತಪ್ಪಾಯ್ತು ಅತ್ತೆ” ಎನ್ನುವಷ್ಟರಲ್ಲಿ, “ಮೂರ್ಕಾಲು ತಂದಿದ್ದೀಯಾ?” ಎಂದಳು. ಬಹಳ ಇಳಿದುಹೋಗಿದ್ದಳು. ಎರಡೆರಡು ಗಿಡಕ್ಕೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಸಾಲು ಮುಗಿಸಿ, ನಾರು ಸುತ್ತಿ, ಹಲ್ಲಲ್ಲಿ ಕಚ್ಚಿ ಜಗ್ಗಿದಳು. ಆಮೇಲೆ ಮೊದಲ ಸಲ ಕ್ಯಾಮೆರಾವನ್ನು ನೆಟ್ಟಗೆ ನೋಡಿ ಹೇಳಿದಳು: “ಆಯ್ತು, ಈಗ ಆರ್ಸು. ಈ ಸಲ ಕತ್ತರ್ಸುದ್ರೆ ನಿನ್ ಜಡೆಗೇ ಗಂಟಾಕ್ಬುಡ್ತೀನಿ!”

ಅದನ್ನು ಗೋಡೆಯ ಮೇಲೆ ತೋರಿಸುವ ಹೊತ್ತಿಗೆ ಅವಳಿರಲಿಲ್ಲ. ಆ ಹೂವಿನ ಕಾಲ ಮುಗಿಯುವ ಮೊದಲೇ ಹೋಗಿಬಿಟ್ಟಳು.

ಈಗ ಆ ವಿಡಿಯೋ ಗಂಟಿನವರೆಗೂ ಓಡುತ್ತದೆ, ಬೈಗುಳದ ಸಮೇತ. ಆಮೇಲೆ ಗೋಡೆ ಕಪ್ಪಾಗುತ್ತದೆ. ದಿನಕ್ಕೆ ಒಂದೇ ಸಲ. ಕತ್ತಲಲ್ಲಿ ಕಾದು ಕೂತ ಯಾರಾದರೂ, “ಮತ್ತೆ ಮೊದಲಿಂದ ಬರಲ್ವಾ ಮೇಡಂ?” ಎಂದು ಕೇಳುತ್ತಾರೆ.

“ಇಲ್ಲ. ಅವರು ಮನೆಗೆ ಹೋದರು” ಎನ್ನುತ್ತೇನೆ.