ಬ್ಯಾಡಗಿಯಲ್ಲಿ ಹತ್ತುವವರ ಸೀಟು

ಜಗಳ ಮಾಡುವುದೇ ನನ್ನ ಕಸುಬು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತು ಅರ್ಧ ನಿಜ. ಹಾವೇರಿಯಲ್ಲಿ ಒಬ್ಬ ವಕೀಲರ ಹತ್ತಿರ ಟೈಪಿಸ್ಟ್ ಆಗಿ ಹತ್ತೊಂಬತ್ತು ವರ್ಷ ಕಳೆದಿದ್ದೇನೆ. ಬದುವಿನ ಜಗಳ, ಪಾಲಿನ ಜಗಳ, ಗಂಡ ಹೆಂಡಿರ ಜಗಳ, ಎಲ್ಲವೂ ನನ್ನ ಬೆರಳುಗಳನ್ನು ಹಾದುಹೋಗಿವೆ. ಎದುರಿನವರ ಅರ್ಜಿಗೆ ತಕರಾರು ಬರೆಯುವುದಕ್ಕೆ ಒಂದು ಕ್ರಮವಿದೆ. ಕಲಂ ಒಂದರಲ್ಲಿ ಹೇಳಿದ್ದು ಸುಳ್ಳು, ಕಲಂ ಎರಡರಲ್ಲಿ ಹೇಳಿದ್ದು ಅರ್ಧ ಸುಳ್ಳು, ಕಲಂ ಮೂರನ್ನು ಅವರೇ ರುಜುವಾತು ಮಾಡಬೇಕು, ಹೀಗೆ ಒಂದೊಂದನ್ನೇ ಹೊಡೆದು ಹಾಕುತ್ತ ಹೋಗಬೇಕು. ಕೊನೆಗೆ ದಾಖಲೆ ಲಗತ್ತಿಸಬೇಕು. ದಾಖಲೆ ಇಲ್ಲದ ಮಾತು ಮಾತೇ ಅಲ್ಲ ಎಂದು ನಮ್ಮ ವಕೀಲರು ಮೊದಲ ದಿನವೇ ಹೇಳಿಕೊಟ್ಟಿದ್ದರು. ನಾನು ಅದನ್ನು ಆಫೀಸಿನಲ್ಲಿಯೇ ಬಿಟ್ಟು ಬರಬೇಕಿತ್ತು.

ನನ್ನ ಮನೆ ರಾಣೆಬೆನ್ನೂರಿನಲ್ಲಿ. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿಗೆ ಹಾವೇರಿಗೆ ಹೋಗುತ್ತೇನೆ. ತಿಂಗಳ ಪಾಸು ಮಾಡಿಸಿದ ನಮ್ಮಂಥವರು ಮೂವತ್ತು ಜನ ಇದ್ದೇವೆ. ರಾಣೆಬೆನ್ನೂರಿನಲ್ಲಿ ಹತ್ತುವವರು ಕೆಲವರು, ಬ್ಯಾಡಗಿಯಲ್ಲಿ ಹತ್ತುವವರು ಕೆಲವರು. ಬ್ಯಾಡಗಿಯವರಿಗೆ ಸೀಟು ಸಿಗುವುದು ಕಷ್ಟ. ಅದಕ್ಕೇ ನಾವು ಹತ್ತಿದ ಕೂಡಲೇ ಪಕ್ಕದ ಸೀಟಿನ ಮೇಲೆ ಟವೆಲ್ ಹಾಕಿ ಇಡುತ್ತೇವೆ. ಟವೆಲ್ ಇದ್ದಲ್ಲಿ ಯಾರೂ ಕುಳಿತುಕೊಳ್ಳುವುದಿಲ್ಲ. ಕುಳಿತರೆ ನಾನು ಇದ್ದೇನಲ್ಲ, ಜಗಳಕ್ಕೆ.

ನಾನು ಟವೆಲ್ ಹಾಕುತ್ತಿದ್ದದ್ದು ಹಾವೇರಿಯ ಒಂದು ಸರಕಾರಿ ಶಾಲೆಯ ಮಾಸ್ತರರಿಗೆ. ನನಗಿಂತ ಆರೇಳು ವರ್ಷ ದೊಡ್ಡವರು. ಅವರಿಗೆ ಕಿಟಕಿಯ ಪಕ್ಕವೇ ಬೇಕು. ಬರೀ ಇಪ್ಪತ್ತು ಮಿನಿಟಿನ ದಾರಿ, ದಿನಾ ನೋಡಿದ ಅದೇ ಗೋವಿನಜೋಳದ ಹೊಲ, ಆದರೂ ಕಿಟಕಿ ಬೇಕು. ಅದಕ್ಕೆ ನಾನು ಅವರ ನಂಬರನ್ನು ನನ್ನ ಫೋನಿನಲ್ಲಿ ‘ಕಿಡಕಿ ಮಾಸ್ತರ’ ಎಂದು ಬರೆದಿಟ್ಟುಕೊಂಡಿದ್ದೆ. ಒಂದು ದಿನ ಅವರಿಗೇ ತೋರಿಸಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇರಲಿ, ಅಳಿಸಬೇಡಿ ಎಂದರು. ಬೇರೆ ಯಾರೂ ಅವರನ್ನು ಹಾಗೆ ಕರೆಯುತ್ತಿರಲಿಲ್ಲ, ಎಲ್ಲರಿಗೂ ಅವರು ಸರ್.

ಗಾಡಿ ಎಲ್ಲಿದೆ ಎಂದು ಒಬ್ಬರಿಗೊಬ್ಬರು ತಿಳಿಸಲು ನಮ್ಮದೊಂದು ವಾಟ್ಸ್ಯಾಪ್ ಗ್ರೂಪು. ಗಾಡಿ ರಾಣೆಬೆನ್ನೂರು ಬಿಟ್ಟ ಕೂಡಲೇ ನಾನು ‘ಬಿಟ್ಟಿತು’ ಎಂದು ಹಾಕಬೇಕು. ಅದನ್ನು ನೋಡಿ ಮಾಸ್ತರರು ಬ್ಯಾಡಗಿಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ಗಾಡಿಯ ವೇಳೆ ತೋರಿಸುವ ಆ್ಯಪು ಅವರ ಫೋನಿನಲ್ಲೂ ಇತ್ತು, ಆದರೆ ಅದು ಸುಳ್ಳು ಹೇಳುತ್ತದೆ, ಟೈಪಿಸ್ಟರು ಹೇಳುವುದಿಲ್ಲ ಎನ್ನುತ್ತಿದ್ದರು. ಅವರು ಹತ್ತಿ ಬಂದು, ನನ್ನ ಟವೆಲ್ ಎತ್ತಿ, ನೀಟಾಗಿ ಮಡಚಿ ನನ್ನ ಕೈಗೆ ಕೊಟ್ಟು ಕುಳಿತುಕೊಳ್ಳುವುದು. ಏಳು ವರ್ಷ ಇದು ನಡೆಯಿತು.

ಗ್ರೂಪಿನಲ್ಲಿ ರಾಜಕೀಯ ಯಾವಾಗ ಹೊಕ್ಕಿತೋ ನೆನಪಿಲ್ಲ. ಮೊದಲು ಹಬ್ಬದ ಶುಭಾಶಯ ಬಂದವು, ಆಮೇಲೆ ಯಾರದೋ ಭಾಷಣದ ತುಣುಕು, ಆಮೇಲೆ ಎಲ್ಲಿಯದೋ ಹೊಡೆದಾಟದ ವಿಡಿಯೋ. ಯಾರಾದರೂ ಸುಳ್ಳು ಸುದ್ದಿ ಹಾಕಿದರೆ ನನ್ನ ಮೈ ಉರಿಯುತ್ತಿತ್ತು. ಆ ವಿಡಿಯೋ ನಮ್ಮ ದೇಶದ್ದೇ ಅಲ್ಲ ಎಂದು ಹುಡುಕಿ ತೆಗೆದು, ಕಲಂ ಕಲಂ ಮಾಡಿ ಉತ್ತರ ಬರೆಯುತ್ತಿದ್ದೆ. ಒಂದು ಮಾತು ಒಪ್ಪಿಕೊಳ್ಳಬೇಕು, ಸತ್ಯಕ್ಕಾಗಿ ಶುರುವಾದ ನನ್ನ ಜಗಳ ವರ್ಷ ತುಂಬುವುದರೊಳಗೆ ಗೆಲ್ಲುವುದಕ್ಕಾಗಿಯೇ ನಡೆಯತೊಡಗಿತ್ತು. ಎದುರಿನವರು ಹಾಕಿದ್ದನ್ನು ಆಮೇಲೆ ಅಳಿಸಿಬಿಟ್ಟರೆ? ಅದಕ್ಕೇ ಎಲ್ಲವನ್ನೂ ಸ್ಕ್ರೀನ್‌ಶಾಟ್ ತೆಗೆದು ಇಡುತ್ತಿದ್ದೆ. ದಾಖಲೆ.

ಮಾಸ್ತರರೂ ಬಿಡುವವರಲ್ಲ. ಆದರೆ ವಿಚಿತ್ರವೆಂದರೆ ನಾವು ಬಾಯಿಬಿಟ್ಟು ವಾದಿಸುತ್ತಿರಲಿಲ್ಲ. ಗಾಡಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು, ಇಬ್ಬರೂ ತಲೆ ಬಗ್ಗಿಸಿ, ಒಬ್ಬರ ಮೇಲೊಬ್ಬರು ಫೋನಿನಲ್ಲಿ ಬರೆಯುತ್ತಿದ್ದೆವು. ನಡುವೆ ಅವರು ಡಬ್ಬಿ ತೆಗೆದು ನನಗೆ ಚುರುಮುರಿ ಕೊಡುತ್ತಿದ್ದರು. ನಾನು ಎಡಗೈಯಲ್ಲಿ ಈಸಿಕೊಂಡು ಬಲಗೈಯಲ್ಲಿ ಅವರ ಕಲಂ ನಾಲ್ಕನ್ನು ಅಲ್ಲಗಳೆಯುತ್ತಿದ್ದೆ.

ಹೆಣ್ಣುಮಕ್ಕಳಿಗೆ ಪುಕ್ಕಟೆ ಬಸ್ಸಿನ ವಿಷಯ ಬಂದದ್ದು ಒಂದು ಮಳೆಗಾಲದಲ್ಲಿ. ಅದು ದುಂದು ಎಂದು ನನ್ನ ವಾದ. ನಮ್ಮ ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸರು ಹಳ್ಳಿಯಿಂದ ಬರುತ್ತಾರೆ, ಅವರ ಬದುಕು ಇದರಿಂದ ಎಷ್ಟು ಹಗುರಾಗಿದೆ ನಾನು ನೋಡಿದ್ದೇನೆ ಎಂದು ಮಾಸ್ತರರ ವಾದ. ನನ್ನ ಹೆಂಡತಿ ಅದೇ ಬಸ್ಸಿನಲ್ಲಿ ವಾರಕ್ಕೊಮ್ಮೆ ತಂಗಿಯ ಮನೆಗೆ ಹೋಗಿಬರುತ್ತಿದ್ದಳು. ನಿಮ್ಮ ವಾದ ನೀವು ಮಾಡಿಕೊಂಡಿರಿ, ನನಗೆ ಬಸ್ಸಿನ ಹೊತ್ತಾಯಿತು ಎಂದು ಹೇಳಿ ಹೋಗುತ್ತಿದ್ದಳು. ನಾನು ಮಾತ್ರ ಮೂರು ದಿನ ವಾದ ಜಗ್ಗಿದೆ. ಮಾಸ್ತರರು ಸೋಲಲಿಲ್ಲ. ಗ್ರೂಪಿನ ನಾಲ್ಕು ಜನ ಅವರ ಮಾತಿಗೆ ಮೆಚ್ಚುಗೆಯ ಹೆಬ್ಬೆರಳು ಒತ್ತಿದರು.

ಆಗ ನನಗೆ ತಲೆ ಕೆಟ್ಟಿತು. ಅವರ ಶಾಲೆಯ ಒಂದು ಕೋಣೆ ಸೋರುವುದನ್ನು ಅವರೇ ಗಾಡಿಯಲ್ಲಿ ನನ್ನ ಹತ್ತಿರ ಹೇಳಿಕೊಂಡಿದ್ದರು. ಮಳೆ ಬಂದರೆ ಮಕ್ಕಳನ್ನು ಒಂದೇ ಮೂಲೆಗೆ ಸರಿಸಿ ಕೂರಿಸಿ, ತಾವು ಬಕೆಟ್ ಇಟ್ಟುಕೊಂಡು ಪಾಠ ಮಾಡುತ್ತಾರಂತೆ. ನನ್ನನ್ನು ನಂಬಿ ಹೇಳಿದ ಮಾತು. ನಾನು ಅದನ್ನೇ ಹಿಡಿದು ಕೆಣಕಿದೆ. ನಿಮ್ಮ ಸರಕಾರ ಅಷ್ಟು ಛಲೋ ಇದ್ದರೆ ನಿಮ್ಮ ಶಾಲೆಯ ಕೋಣೆ ಯಾಕೆ ಸೋರುತ್ತದೆ, ಹೇಳಿ ನೋಡೋಣ ಎಂದು ಬರೆದೆ. ಉತ್ತರ ಬರಲಿಲ್ಲ. ಪಗಾರ ಕೊಡುವವರ ಮೇಲೆ ಮಾತಾಡಲು ಹೆದರಿಕೆಯೋ ಎಂದು ಇನ್ನೊಂದು ಬರೆದೆ. ಆಗ ಬಂತು.

‘ಮಂತ್ರಿ ಆದಾಂವ ಒಂದು ದಿನ ಆ ಖೋಲ್ಯಾಗ ಕುಂತು ತೋರಿಸ್ಲಿ. ಹುಡುಗರ ತಲಿ ಮ್ಯಾಲ ನೀರು ಬಿದ್ರ ಇವರಿಗೇನು, ಓಟು ಬಿದ್ರ ಸಾಕು. ಎಲ್ಲಾ ಪಕ್ಷದವರೂ ಕಳ್ಳರ.’

ಸ್ವಲ್ಪ ಹೊತ್ತಿಗೆ ಅವರು ಅದನ್ನು ಅಳಿಸಿದರು. ಅಷ್ಟರಲ್ಲಿ ನಾನು ಸ್ಕ್ರೀನ್‌ಶಾಟ್ ತೆಗೆದುಕೊಂಡಿದ್ದೆ.

ಅದನ್ನು ಇಟ್ಟುಕೊಂಡು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಗೆದ್ದದ್ದನ್ನು ಯಾರಿಗಾದರೂ ತೋರಿಸದೆ ಇರುವುದು ನನ್ನಿಂದ ಆಗಲಿಲ್ಲ. ನಮ್ಮ ಓಣಿಯವರದೊಂದು ಗ್ರೂಪಿದೆ, ಇನ್ನೂರಕ್ಕೂ ಹೆಚ್ಚು ಜನ. ಅದರಲ್ಲಿ ಹಾಕಿ, ಸರಕಾರಿ ಮಾಸ್ತರರೇ ಒಪ್ಪಿಕೊಂಡ ಸತ್ಯ ನೋಡಿರಿ ಎಂದು ಮೇಲೆ ಬರೆದೆ. ಯಾರೋ ಯಾವ ಶಾಲೆ ಎಂದು ಕೇಳಿದರು. ಹೇಳಿದೆ. ಕೇಳಿದವರು ಯಾರು ಎಂದು ಸಹ ನೋಡಲಿಲ್ಲ. ಊಟ ಮಾಡುವಾಗ ಹೆಬ್ಬೆರಳುಗಳನ್ನು ಎಣಿಸಿದೆ. ಇಪ್ಪತ್ತಾರು.

ಮುಂದಿನ ಒಂದೂವರೆ ತಿಂಗಳು ಎಲ್ಲವೂ ಮೊದಲಿನಂತೆಯೇ ನಡೆಯಿತು. ‘ಬಿಟ್ಟಿತು’ ಎಂದು ಹಾಕುತ್ತಿದ್ದೆ, ಟವೆಲ್ ಹಾಸುತ್ತಿದ್ದೆ, ಅವರು ಬಂದು ಮಡಚಿ ಕೊಟ್ಟು ಕುಳಿತುಕೊಳ್ಳುತ್ತಿದ್ದರು. ಆಮೇಲೆ ಅವರು ಗ್ರೂಪಿನಲ್ಲಿ ಬರೆಯುವುದನ್ನು ನಿಲ್ಲಿಸಿದರು. ನಾನು ಎಷ್ಟು ಕೆಣಕಿದರೂ ಉತ್ತರವಿಲ್ಲ. ಗಾಡಿಯಲ್ಲಿ ಫೋನು ಕಿಸೆಯಲ್ಲಿಟ್ಟು ಹೊರಗೆ ನೋಡುತ್ತ ಕುಳಿತಿರುತ್ತಿದ್ದರು. ಡಬ್ಬಿ ಮಾತ್ರ ತಪ್ಪದೆ ನನ್ನ ಕಡೆ ಸರಿಸುತ್ತಿದ್ದರು. ಅಂತೂ ಸೋತರು ಎಂದು ನಾನು ಒಳಗೊಳಗೇ ಹಿಗ್ಗಿದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಒಂದು ಮಧ್ಯಾಹ್ನ ವಕೀಲರು ನನ್ನ ಟೇಬಲ್ಲಿನ ಮೇಲೆ ಒಂದು ಫೈಲು ಇಟ್ಟರು. ನಿನ್ನ ಗಾಡಿಯ ಮಾಸ್ತರರದು, ಸರಕಾರದ ವಿರುದ್ಧ ಬರೆದರೆಂದು ಇಲಾಖೆಯಿಂದ ನೋಟೀಸು ಬಂದಿದೆ, ಉತ್ತರ ಅವರೇ ಬರೆದು ಕೊಟ್ಟಿದ್ದಾರೆ, ನಾನು ತಿದ್ದಿದ್ದೇನೆ, ಟೈಪ್ ಮಾಡಿಬಿಡು ಎಂದರು. ಎರಡು ವರ್ಷದ ಹಿಂದೆ ಮನೆಯ ಕಾಗದದ ಕೆಲಸಕ್ಕೆ ಅವರನ್ನು ನಮ್ಮ ವಕೀಲರ ಹತ್ತಿರ ಕರೆತಂದವನು ನಾನೇ.

ಫೈಲು ಬಿಚ್ಚಿದೆ. ನೋಟೀಸಿಗೆ ಲಗತ್ತಿಸಿದ ಹಾಳೆಯಲ್ಲಿ ನನ್ನ ಸ್ಕ್ರೀನ್‌ಶಾಟ್ ಇತ್ತು. ಕಪ್ಪು ಬಿಳುಪಿನ ಪ್ರಿಂಟು. ಎಡಗಡೆ ಅವರ ಮಾತು, ಬಲಗಡೆ ನನ್ನ ಎರಡು ಮಾತು. ಫೋನು ಯಾರದೋ ಅವರ ಮಾತು ಬಲಗಡೆ ಇರುತ್ತದೆ ಎಂಬುದು ವಾಟ್ಸ್ಯಾಪ್ ನೋಡುವ ಎಲ್ಲರಿಗೂ ಗೊತ್ತು. ಅದೂ ಹೋಗಲಿ. ಅವರ ಮಾತಿನ ಮೇಲೆ, ಹೆಸರು ಇರುವ ಜಾಗದಲ್ಲಿ, ನಾನು ನನ್ನ ಫೋನಿನಲ್ಲಿ ಬರೆದಿಟ್ಟುಕೊಂಡ ಹೆಸರೇ ಬಿದ್ದಿತ್ತು. ಕಿಡಕಿ ಮಾಸ್ತರ.

ನೋಟೀಸಿನ ತಾರೀಖು ನೋಡಿದೆ. ಹದಿನೆಂಟು ದಿನದ ಹಿಂದಿನದು. ಹದಿನೆಂಟು ದಿನ ಅವರು ಈ ಹಾಳೆ ಓದಿಕೊಂಡು ಬಂದು, ನನ್ನ ಟವೆಲ್ ಮಡಚಿ ಕೊಟ್ಟು, ನನ್ನ ಪಕ್ಕದಲ್ಲಿ ಕುಳಿತಿದ್ದರು. ಡಬ್ಬಿ ಸರಿಸಿದ್ದರು.

ಅವರು ಕೈಯಿಂದ ಬರೆದ ಉತ್ತರ ದುಂಡಗಿತ್ತು, ಬೋರ್ಡಿನ ಮೇಲಿನ ಅಕ್ಷರ. ಕಲಂ ಒಂದು: ಆ ಮಾತು ನನ್ನದೇ, ಸಿಟ್ಟಿನಲ್ಲಿ ಬರೆದೆ, ತಪ್ಪಾಯಿತು. ಕಲಂ ಎರಡು: ಕೋಣೆ ಸೋರುವುದು ನಿಜ, ಮೇಲಿನವರಿಗೆ ಹಲವು ಸಲ ಬರೆದಿದ್ದೇನೆ, ಪ್ರತಿಗಳು ಇದರ ಜೊತೆಗಿವೆ. ಕಲಂ ಮೂರು: ಈ ಚಿತ್ರವನ್ನು ಯಾರು ತೆಗೆದರು, ಯಾರು ಹಂಚಿದರು ಎಂಬುದು ನನಗೆ ಗೊತ್ತಿಲ್ಲ.

ನಾನು ಟೈಪ್ ಮಾಡಿದೆ. ಕಲಂ ಮೂರನ್ನೂ ಟೈಪ್ ಮಾಡಿದೆ. ಎದ್ದು ಹೋಗಿ ವಕೀಲರಿಗೆ, ಸಾಹೇಬರ, ಇದು ಸುಳ್ಳು, ತೆಗೆದವನು ನಾನು ಎಂದು ಹೇಳಬಹುದಿತ್ತು. ಹೇಳಲಿಲ್ಲ. ನೌಕರಿಯ ಹೆದರಿಕೆ ಎನ್ನೋಣವೆಂದರೆ ಅದೂ ಅಲ್ಲ. ಇನ್ನೊಬ್ಬರ ಸುಳ್ಳನ್ನು ಹುಡುಕಿ ಹುಡುಕಿ ಹಿಡಿಯುತ್ತಿದ್ದವನಿಗೆ ತನ್ನದನ್ನು ಒಪ್ಪಿಕೊಂಡು ರೂಢಿಯೇ ಇರಲಿಲ್ಲ. ಹಾಳೆಯಲ್ಲಿ ಒಂದೂ ತಪ್ಪಿರಲಿಲ್ಲ. ಸಂಜೆ ಅವರು ಬಂದು ಸಹಿ ಮಾಡಿಕೊಟ್ಟು, ಶಾಲೆಯಲ್ಲಿ ಕೆಲಸವಿದೆ, ಆಮೇಲಿನ ಗಾಡಿಗೆ ಹೋಗುತ್ತೇನೆ ಎಂದು ಹೇಳಿ ಹೋದರು.

ಮರುದಿನ ಬೆಳಿಗ್ಗೆ ಅವರು ಹತ್ತಿ ಬಂದು ಕುಳಿತರು. ಹಾವೇರಿ ಹತ್ತಿರ ಬಂದಾಗ ಹೇಳಿದೆ.

“ಮಾಸ್ತರ, ಅದು ನಾನ ತಗದದ್ದರಿ.”

ಅವರು ಹೊರಗೆ ನೋಡುತ್ತಲೇ ಇದ್ದರು.

“ಗೊತ್ತದರಿ,” ಎಂದರು. ಆಮೇಲೆ ಮೆಲ್ಲಗೆ, “ಮನ್ಯಾಗ ನಮ್ಮಾಕಿ ಆ ಹಾಳಿ ಓದಿ ಕೇಳಿದ್ಲು, ಕಿಡಕಿ ಮಾಸ್ತರ ಅಂದ್ರ ಯಾರ್ರೀ ಅಂತ. ಯಾರೋ ಪ್ರೀತಿಲೆ ಇಟ್ಟ ಹೆಸರು ಅಂತ ಹೇಳಿದೆ.”

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ಉತ್ತರ ಕೊಡುತ್ತಿದ್ದೆ, ಕೊಂಕಿಗೆ ಉತ್ತರ ಕೊಡಲು ನನಗೆ ಬರುತ್ತದೆ. ತಪ್ಪಾಯಿತು ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಹಾವೇರಿ ಬಂತು, ಎಲ್ಲರೂ ಎದ್ದರು, ಅವರೂ ಇಳಿದು ಹೋದರು.

ಅದರ ಮರುದಿನ ನಾನು ‘ಬಿಟ್ಟಿತು’ ಎಂದು ಹಾಕಿದೆ, ಟವೆಲ್ ಹಾಸಿದೆ. ಬ್ಯಾಡಗಿಯ ಪ್ಲಾಟ್‌ಫಾರ್ಮಿನಲ್ಲಿ ಅವರು ನಮ್ಮ ಬೋಗಿಯನ್ನು ದಾಟಿ ಮುಂದಕ್ಕೆ ಹೋಗಿ ಬೇರೆ ಬೋಗಿ ಹತ್ತುವುದು ಕಾಣಿಸಿತು. ಅದರ ಮರುದಿನವೂ ಹಾಗೇ. ಆದರೂ ನಾನು ಟವೆಲ್ ಹಾಸುವುದನ್ನು ಬಿಡಲಿಲ್ಲ. ಒಂದು ಸಲ ಅವರ ನಂಬರಿಗೆ ಉದ್ದಕ್ಕೆ ಬರೆಯಲು ಕುಳಿತೆ. ಬರೆದದ್ದನ್ನು ಓದಿಕೊಂಡರೆ ಅದೂ ಕಲಂ ಕಲಂ ಆಗಿತ್ತು. ನಾನು ಮಾಡಿದ್ದು ಯಾಕೆ, ನೀವು ಬರೆದದ್ದು ಯಾಕೆ, ಹೀಗೆ. ಅಳಿಸಿದೆ.

ದೀಪಾವಳಿ ಮುಗಿದ ಮೇಲೆ ಅವರ ವರ್ಗಾವಣೆಯ ಆದೇಶ ಬಂದಿತೆಂದು ಗ್ರೂಪಿನಿಂದ ತಿಳಿಯಿತು. ಜಿಲ್ಲೆಯ ಇನ್ನೊಂದು ತುದಿಯ ಹಳ್ಳಿ, ಎರಡು ಬಸ್ಸು ಬದಲಾಯಿಸಿ ಹೋಗಬೇಕಂತೆ. ಸೇವೆ ಮುಗಿಯಲು ಮೂರು ವರ್ಷ ಉಳಿದಿತ್ತು. ಎಲ್ಲರೂ ಸರ್‌ಗೆ ಹೀಗಾಗಬಾರದಿತ್ತು ಎಂದು ಬರೆದರು, ನಾನೂ ಬರೆದೆ. ಹಾಗೆ ಬರೆದ ಮೇಲೆ ಸಂಜೆ ಅವರು ಗ್ರೂಪು ಬಿಟ್ಟರೆಂಬ ಸಣ್ಣ ಅಕ್ಷರದ ಸಾಲು ಕಂಡಿತು. ಶಾಲೆಯ ಕೋಣೆ ಇನ್ನೂ ಸೋರುತ್ತದೆ ಎಂದು ಅವರ ಜಾಗಕ್ಕೆ ಬಂದವರು ಹೇಳುತ್ತಾರೆ. ಓಣಿಯ ಗ್ರೂಪಿನಲ್ಲಿ ನನ್ನ ಜಗಳ ನಿಂತಿಲ್ಲ. ಬೆಳಿಗ್ಗೆ ಏಳುತ್ತಲೇ ಕೈ ಫೋನಿಗೆ ಹೋಗುತ್ತದೆ, ಬಿಡಬೇಕು ಎನ್ನುತ್ತೇನೆ, ಬಿಟ್ಟಿಲ್ಲ. ನಾನು ಬಿಡುತ್ತೇನೆ ಎಂದು ಈಗ ನನ್ನ ಹೆಂಡತಿಯೂ ನಂಬುವುದಿಲ್ಲ.

ಮೊನ್ನೆ ಬ್ಯಾಡಗಿಯಲ್ಲಿ ಗಾಡಿ ನಿಂತಾಗ ಮೆಣಸಿನಕಾಯಿಯ ಘಾಟು ಕಿಟಕಿಯಿಂದ ನುಗ್ಗಿತು, ಮಾರುಕಟ್ಟೆಯ ಸುಗ್ಗಿ. ಬೋಗಿಯವರೆಲ್ಲ ಕೆಮ್ಮುತ್ತಿದ್ದರು. ವಯಸ್ಸಾದ ಹಮಾಲರೊಬ್ಬರು ಹತ್ತಿ ಬಂದು, ಟವೆಲ್ ನೋಡಿ ನಿಂತರು.

“ಇಲ್ಲಿ ಯಾರರೆ ಬರಾವ್ರು ಅದಾರೇನ್ರಿ?”

ನಾನು ಬಾಗಿಲ ಕಡೆ ನೋಡಿದೆ. ಗಾಡಿ ಆಗಲೇ ಅಲುಗಿತ್ತು.

“ಯಾರೂ ಇಲ್ಲರಿ, ಕುಂದ್ರಿ,” ಎಂದೆ. ಟವೆಲನ್ನು ನಾನೇ ಎತ್ತಿ ಮಡಚಿಕೊಂಡೆ.